ಅಪ್ಪನ 50 ಎಂಎಂ ಲೆನ್ಸು ಮತ್ತು ಬೂದಿ ಬಣ್ಣದ ಮುಂಡಿಗೆ: ಐದು ಭಾನುವಾರಗಳ ದುರಸ್ತಿ ದಾಖಲೆ

ಕಳೆದ ಶ್ರಾವಣದಲ್ಲಿ ಅಮ್ಮ ಜಗಲಿಯಲ್ಲಿ ಕುಳಿತು ಹೂ ಕಟ್ಟುತ್ತಿದ್ದ ಚಿತ್ರವೊಂದನ್ನು ಮನೆಯವರ ಗುಂಪಿಗೆ ಕಳಿಸಿದೆ. ಊರಿನಿಂದ ದೂರವಿರುವ ಚಿಕ್ಕಪ್ಪನ ಮಗಳು ಅದನ್ನು ನೋಡಿ, "ಅಣ್ಣಾ, ಅವತ್ತು ಮಂಜು ಬಿದ್ದಿತ್ತಾ?" ಎಂದು ಕೇಳಿದಳು. ಮಂಜು ಬಿದ್ದಿರಲಿಲ್ಲ. ಮಳೆ ಹೊಳವಾಗಿ ಅಂಗಳವೆಲ್ಲ ಬೆಳಗುತ್ತಿತ್ತು. ಆದರೆ ಅಮ್ಮನ ಬೆನ್ನ ಹಿಂದಿನ ಮುಂಡಿಗೆ, ಅಂದರೆ ತಲೆಮಾರುಗಳ ಹೊಗೆ ಕುಡಿದು ಇದ್ದಿಲಿನಂತೆ ಕಪ್ಪಾಗಿರುವ ಆ ಮರದ ಕಂಬ, ಚಿತ್ರದಲ್ಲಿ ಬೂದಿ ಬಣ್ಣಕ್ಕೆ ತಿರುಗಿತ್ತು. ಅಮ್ಮನ ಕಪ್ಪಂಚಿನ ಸೀರೆಯೂ ಹಾಗೆಯೇ ಕಂಡಿತು. ಚಿತ್ರದ ಮೇಲೆ ತೆಳುವಾದ ಮಜ್ಜಿಗೆ ಸುರಿದಂತಿತ್ತು.

ನನ್ನ ಕ್ಯಾಮೆರಾ 16 ಮೆಗಾಪಿಕ್ಸೆಲ್‌ನ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಮೈಕ್ರೋ ಫೋರ್ ಥರ್ಡ್ಸ್ ಕ್ಯಾಮೆರಾ. ಒಲಿಂಪಸ್ ಮತ್ತು ಪ್ಯಾನಾಸೋನಿಕ್ ಕಂಪನಿಗಳು 2008ರಲ್ಲಿ ಒಟ್ಟಾಗಿ ಪ್ರಕಟಿಸಿದ ಈ ಪದ್ಧತಿಯಲ್ಲಿ ಒಳಗೆ ಕನ್ನಡಿಯಿಲ್ಲ. ಆದ್ದರಿಂದ ಲೆನ್ಸು ಕೂರುವ ಲೋಹದ ಮುಖಕ್ಕೂ ಬೆಳಕನ್ನು ಹಿಡಿಯುವ ಸೆನ್ಸರಿಗೂ ನಡುವೆ ಕೇವಲ 19.25 ಮಿ.ಮೀ. ಅಂತರವಿರುತ್ತದೆ. ಅಪ್ಪನ ಫಿಲ್ಮ್ ಕ್ಯಾಮೆರಾದಿಂದ ಉಳಿದು ಬಂದಿರುವ ಒಎಂ ಮೌಂಟಿನ (ಒಲಿಂಪಸ್‌ನ ಹಳೆಯ ಫಿಲ್ಮ್ ಕ್ಯಾಮೆರಾಗಳ ಜೋಡಣೆಯ) 50 ಎಂಎಂ, ಎಫ್ 1.8 ಲೆನ್ಸಿಗೆ 46 ಮಿ.ಮೀ. ಅಂತರ ಬೇಕು. ಇವೆರಡರ ವ್ಯತ್ಯಾಸವಾದ 26.75 ಮಿ.ಮೀ. ಉದ್ದದ ಒಂದು ಲೋಹದ ಕೊಳವೆಯನ್ನು ನಡುವೆ ಇಟ್ಟರೆ ಸಾಕು, ಹಳೆಯ ಲೆನ್ಸು ಹೊಸ ಕ್ಯಾಮೆರಾದಲ್ಲಿ ಅನಂತ ದೂರದವರೆಗೂ ಫೋಕಸ್ ಆಗುತ್ತದೆ. ಆ ಕೊಳವೆಗೆ ಅಡಾಪ್ಟರ್ ಎನ್ನುತ್ತಾರೆ. ಅದರಲ್ಲಿ ಗಾಜಿಲ್ಲ, ವಿದ್ಯುತ್ ಸಂಪರ್ಕವಿಲ್ಲ; ಫೋಕಸ್ಸು, ಅಪರ್ಚರು (ಬೆಳಕು ಒಳಬರುವ ಕಿಂಡಿ) ಎರಡನ್ನೂ ಕೈಯಿಂದಲೇ ತಿರುಗಿಸಬೇಕು. ಅಮ್ಮನ ಚಿತ್ರವನ್ನು ತೆಗೆದದ್ದು ಈ ಜೋಡಣೆಯಿಂದ.

ಕಂಪ್ಯೂಟರಿನಲ್ಲಿ ಡಾರ್ಕ್‌ಟೇಬಲ್ ಎಂಬ ಫೋಟೋ ತಿದ್ದುವ ತಂತ್ರಾಂಶವನ್ನು ತೆರೆದು ಹೇಜ್ (ಮಬ್ಬು) ತೆಗೆಯುವ ಪಟ್ಟಿಯನ್ನು ಬಲಕ್ಕೆ ಎಳೆದರೆ ಮುಂಡಿಗೆ ಕಪ್ಪಾಗುತ್ತದೆ. ಮೊದಲು ನಾನೂ ಅದನ್ನೇ ಮಾಡಿದೆ. ಆದರೆ ಕಪ್ಪಾದ ಮುಂಡಿಗೆಯಲ್ಲಿ ಮರದ ಎಳೆಗಳ ಬದಲು ಸಾಸಿವೆ ಚೆಲ್ಲಿದಂತೆ ಕಾಳುಕಾಳು ನಾಯ್ಸ್ ಕಂಡಿತು. ಇದಕ್ಕೆ ಕಾರಣವಿದೆ. ಲೆನ್ಸಿನೊಳಗೆ ಚದುರಿದ ಬೆಳಕು ಚಿತ್ರದ ಎಲ್ಲ ಭಾಗಕ್ಕೂ ಸುಮಾರು ಒಂದೇ ಪ್ರಮಾಣದಲ್ಲಿ ಬಂದು ಸೇರುತ್ತದೆ. ಆ ಪ್ರಮಾಣವನ್ನು ಲೆಕ್ಕದಲ್ಲಿ ಕಳೆಯಬಹುದು. ಆದರೆ ಆ ಬೆಳಕಿನ ಜೊತೆ ಬಂದ ಏರಿಳಿತವನ್ನು ಕಳೆಯಲಾಗದು, ಅದು ಅಲ್ಲಿಯೇ ಉಳಿಯುತ್ತದೆ. ಬೆಳಗಿದ ಅಂಗಳದಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ನಿಜವಾದ ಬೆಳಕು ಕಡಿಮೆಯಿರುವ ಕಪ್ಪು ಭಾಗದಲ್ಲಿ ಮಾತ್ರ ಅದು ಚಿತ್ರವನ್ನೇ ನುಂಗುತ್ತದೆ. ಹಾಗಾಗಿ ಪೊರೆಯನ್ನು ಅದು ಹುಟ್ಟುವ ಜಾಗದಲ್ಲಿಯೇ ಹುಡುಕಿ ತೆಗೆಯಬೇಕೆಂದು ನಿಶ್ಚಯಿಸಿದೆ.

ಕೆಲಸಕ್ಕೆ ಮೊದಲು ಒಂದು ಅಳತೆಗೋಲು ಬೇಕಿತ್ತು. ಜಗಲಿಯ ಮುಂಡಿಗೆಯನ್ನೇ ಆರಿಸಿಕೊಂಡೆ. ಟ್ರೈಪಾಡಿನ ಮೂರು ಕಾಲುಗಳ ಜಾಗವನ್ನು ನೆಲದ ಮೇಲೆ ಸೀಮೆಸುಣ್ಣದಿಂದ ಗುರುತಿಸಿದೆ. ಹೊತ್ತು ಬೆಳಗಿನ 11 ಗಂಟೆ, ಮೋಡ ಕವಿದ ದಿನ ಮಾತ್ರ. ಐಎಸ್ಒ 200, ಅಪರ್ಚರ್ ಎಫ್ 4. ಚೌಕಟ್ಟಿನ ಅರ್ಧ ಭಾಗ ಬೆಳಗಿದ ಅಂಗಳ, ಉಳಿದರ್ಧ ಕಪ್ಪು ಮರ. ಕ್ಯಾಮೆರಾ ತಿದ್ದದೆ ಕೊಡುವ ರಾ ಫೈಲಿಗೆ ಯಾವ ಮೆರುಗನ್ನೂ ಕೊಡದೆ, ಅಂಗಳದ ಕಲ್ಲು ಪ್ರತಿ ಸಲವೂ ಒಂದೇ ಬೆಲೆಗೆ, ಅಂದರೆ ಬೆಳಕಿನ ಒಂದೇ ಅಂಕಿಗೆ, ಬರುವಂತೆ ಸರಿಹೊಂದಿಸಿ, ಮುಂಡಿಗೆಯ ಒಂದೇ ಜಾಗದ ಬೆಲೆಯನ್ನು 0ರಿಂದ (ಕಡುಗಪ್ಪು) 255ರ (ಬಿಳಿ) ಮಾಪನದಲ್ಲಿ ಓದಿದೆ. ಹಳೆಯ ಲೆನ್ಸಿನಲ್ಲಿ 46 ಬಂತು. ಕ್ಯಾಮೆರಾದ ಜೊತೆಗೇ ಬಂದಿದ್ದ 14-42 ಎಂಎಂ ಜೂಮ್ ಲೆನ್ಸಿನಲ್ಲಿ 15 ಬಂತು. ಅಂದರೆ ದೋಷ ಕ್ಯಾಮೆರಾದಲ್ಲಿಲ್ಲ, ಅಪ್ಪನ ಲೆನ್ಸಿನಲ್ಲಿಯೋ ಅಡಾಪ್ಟರಿನಲ್ಲಿಯೋ ಇದೆ ಎಂಬುದು ಅಲ್ಲಿಗೆ ಖಚಿತವಾಯಿತು.

ಮೊದಲ ಭಾನುವಾರ ಲೆನ್ಸನ್ನು ಕತ್ತಲೆ ಕೋಣೆಗೆ ಒಯ್ದು, ಅಪರ್ಚರನ್ನು ಪೂರ್ತಿ ತೆರೆದು, ಹಿಂಬದಿಯಿಂದ ಓರೆಯಾಗಿ ಟಾರ್ಚ್ ಬಿಟ್ಟೆ. ನೇರವಾಗಿ ನೋಡಿದಾಗ ಸ್ವಚ್ಛವಾಗಿಯೇ ಕಾಣುವ ಗಾಜು ಓರೆ ಬೆಳಕಿನಲ್ಲಿ ತನ್ನ ರೋಗವನ್ನು ತೋರಿಸುತ್ತದೆ. ಅಪರ್ಚರಿನ ಮುಂದಿನ ಗಾಜಿನ ಒಳಮೈಯಲ್ಲಿ ಅಂಚಿನಿಂದ ನಡುವಿನ ಕಡೆಗೆ ಜರೀಗಿಡದ ಬೇರಿನಂತೆ ಕವಲೊಡೆದ ಬಿಳಿ ಎಳೆಗಳಿದ್ದವು. ಅದೇ ಫಂಗಸ್, ನಮ್ಮ ಕಡೆ ಉಪ್ಪಿನಕಾಯಿ ಭರಣಿಗೂ ಚಪ್ಪಲಿಗೂ ಹಿಡಿಯುವ ಬೂಷ್ಟಿನ ಬಳಗ. ಅದರ ಜೊತೆಗೆ ಅಪರ್ಚರಿನ ಎರಡೂ ಬದಿಯ ಗಾಜುಗಳ ಮೇಲೆ ಉಸಿರು ಬಿಟ್ಟಂತಹ ಮಬ್ಬು ಇತ್ತು. ಫೋಕಸ್ ಸುರುಳಿಗೆ ಹಚ್ಚಿದ ಗ್ರೀಸಿನಿಂದ ಎಣ್ಣೆಯ ಅಂಶ ವರ್ಷಗಟ್ಟಲೆ ಆವಿಯಾಗಿ, ಹತ್ತಿರದ ಗಾಜಿನ ಮೇಲೆ ಕುಳಿತು ಹೀಗಾಗುತ್ತದೆ. ಆಗುಂಬೆಗೆ ಹತ್ತಿರದ ಊರು ನಮ್ಮದು. ಜೂನಿನಿಂದ ಸೆಪ್ಟೆಂಬರಿನವರೆಗೆ ಗೋಡೆಯೇ ಬೆವರುತ್ತದೆ. ಲೆನ್ಸು ಅಷ್ಟು ಮಳೆಗಾಲಗಳನ್ನು ಕಳೆದದ್ದು ಚರ್ಮದ ಚೀಲದಲ್ಲಿ. ಚರ್ಮ ತೇವವನ್ನೂ ಹಿಡಿದಿಡುತ್ತದೆ, ಬೂಷ್ಟಿಗೆ ಆಹಾರವನ್ನೂ ಕೊಡುತ್ತದೆ. ಆ ಚೀಲವನ್ನು ಅಂದೇ ಲೆನ್ಸಿನಿಂದ ಬೇರೆ ಮಾಡಿದೆ.

ಎರಡನೆಯ ಭಾನುವಾರ ಬಿಚ್ಚುವ ಕೆಲಸಕ್ಕೆ ಇಳಿದೆ. ಮೇಜಿನ ಮೇಲೆ ಬಿಳಿ ಪಂಚೆ ಹಾಸಿ, ಬಿಚ್ಚಿದ ಪ್ರತಿಯೊಂದು ಭಾಗವನ್ನೂ ಎಡದಿಂದ ಬಲಕ್ಕೆ ಅದೇ ಕ್ರಮದಲ್ಲಿ ಇಟ್ಟು, ಪ್ರತಿ ಹಂತಕ್ಕೂ ಫೋನಿನಲ್ಲಿ ಒಂದು ಚಿತ್ರ ತೆಗೆದುಕೊಂಡೆ. ಲೆನ್ಸಿನ ಹೆಸರು ಬರೆದಿರುವ ಮುಂದಿನ ಬಳೆಗೆ ಸ್ಕ್ರೂ ಇರುವುದಿಲ್ಲ. ಸರಿಯಾದ ಅಗಲದ ರಬ್ಬರ್ ಬಿರಡೆಯನ್ನು ಒತ್ತಿ ಹಿಡಿದು ತಿರುಗಿಸಿದರೆ ಅದು ಬಿಚ್ಚಿಕೊಳ್ಳುತ್ತದೆ. ಅದರ ಕೆಳಗೆ ಸಣ್ಣ ಸ್ಕ್ರೂಗಳು ಸಿಕ್ಕವು. ಜಪಾನಿನ ಕ್ಯಾಮೆರಾ ಮತ್ತು ಲೆನ್ಸುಗಳ ಪ್ಲಸ್ ಸ್ಕ್ರೂಗಳು ಸಾಮಾನ್ಯವಾಗಿ ಜೆಐಎಸ್ (ಜಪಾನಿನ ಕೈಗಾರಿಕಾ ಮಾನದಂಡ) ಮಾದರಿಯವು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವ ಫಿಲಿಪ್ಸ್ ಸ್ಕ್ರೂಡ್ರೈವರ್ ಅವುಗಳ ತಳದವರೆಗೆ ಕೂರದೆ ಮೇಲಕ್ಕೆ ಜಾರುತ್ತದೆ, ಎರಡನೆಯ ಪ್ರಯತ್ನಕ್ಕೆ ಸ್ಕ್ರೂವಿನ ತಲೆಯೇ ಸವೆದುಹೋಗುತ್ತದೆ. ಜೆಐಎಸ್ ಡ್ರೈವರ್ ಬರುವವರೆಗೆ ನಾನು ಒಂದು ವಾರ ಕಾದದ್ದು ಈ ಇಡೀ ಕೆಲಸದಲ್ಲಿ ನಾನು ತೆಗೆದುಕೊಂಡ ಅತ್ಯಂತ ಒಳ್ಳೆಯ ತೀರ್ಮಾನ. ಅಲುಗದ ಒಂದು ಸ್ಕ್ರೂವಿಗೆ ಬೆಂಕಿಕಡ್ಡಿಯ ತುದಿಯಿಂದ ಒಂದು ಹನಿ ಅಸಿಟೋನ್ ಮುಟ್ಟಿಸಿ, ಹತ್ತು ನಿಮಿಷ ಬಿಟ್ಟು ತಿರುಗಿಸಿದಾಗ ಹಳೆಯ ಅರಗು ಮೆತ್ತಗಾಗಿ ಅದೂ ಬಂತು. ಆಮೇಲೆ ಎರಡು ಮೊನೆಗಳ ಲೆನ್ಸ್ ಸ್ಪ್ಯಾನರನ್ನು ಬಳೆಯ ತೋಡುಗಳಿಗೆ ಕೂರಿಸಿ ತಿರುಗಿಸಿದಾಗ ಮುಂಭಾಗದ ಗಾಜುಗಳ ಗುಂಪು ಹೊರಬಂತು. ಫೋಕಸ್ ಸುರುಳಿಯನ್ನು ಮಾತ್ರ ಬಿಚ್ಚಲಿಲ್ಲ. ಅದರ ಮರೆಗಳು (ತಿರುಪಿನ ಸುತ್ತುಗಳು) ಅನೇಕ ಕಡೆ ಆರಂಭವಾಗುವಂಥವು. ಎಲ್ಲಿ ಬೇರ್ಪಟ್ಟಿತೆಂದು ಗುರುತು ಮಾಡದೆ ಬಿಚ್ಚಿದರೆ ಮತ್ತೆ ಅದೇ ಜಾಗಕ್ಕೆ ಸೇರಿಸುವುದು ಬಲು ಕಷ್ಟ, ಮತ್ತು ನನ್ನ ರೋಗ ಅಲ್ಲಿರಲಿಲ್ಲ.

ಮೆಡಿಕಲ್ ಶಾಪಿನಲ್ಲಿ ಗಾಯ ತೊಳೆಯಲು ಮಾರುವ ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣದ ಬಾಟಲಿಯ ಮೇಲೆ 6 ಪರ್ಸೆಂಟ್ ಎಂದಿತ್ತು. ಅಷ್ಟೇ ಪ್ರಮಾಣದ ಡಿಸ್ಟಿಲ್ಡ್ ವಾಟರ್ ಬೆರೆಸಿ ಅದನ್ನು 3 ಪರ್ಸೆಂಟಿಗೆ ಇಳಿಸಿದೆ. ಗಾಜನ್ನು ದ್ರಾವಣದಲ್ಲಿ ಮುಳುಗಿಸಲಿಲ್ಲ; ಎರಡು ಗಾಜುಗಳನ್ನು ಅಂಟಿಸಿ ಮಾಡಿದ ಜೋಡಿ ಅಲ್ಲಿದ್ದರೆ ಅಂಟಿನ ಸಂದಿಗೆ ನೀರು ಇಳಿದು ಸರಿಪಡಿಸಲಾಗದ ಹಾನಿಯಾಗುತ್ತದೆ. ಲೆನ್ಸ್ ಟಿಶ್ಯೂವಿನ ಚೂರನ್ನು ದ್ರಾವಣದಲ್ಲಿ ನೆನೆಸಿ, ಬೂಷ್ಟಿನ ಮೇಲೆ ಐದು ನಿಮಿಷ ಹೊದಿಸಿಟ್ಟು, ನಂತರ ಹೊಸ ಟಿಶ್ಯೂವಿನಿಂದ ನಡುವಿನಿಂದ ಅಂಚಿಗೆ ಸುತ್ತುತ್ತ ಒರೆಸಿದೆ. ಪ್ರತಿ ಒರೆತಕ್ಕೂ ಹೊಸ ಚೂರು. ಒಂದೇ ಚೂರನ್ನು ಮತ್ತೆ ಬಳಸಿದರೆ ಅದರಲ್ಲಿ ಸಿಕ್ಕಿದ ಕಣ ಗಾಜಿನ ಮೇಲಿನ, ಪ್ರತಿಫಲನ ತಡೆಯುವ ತೆಳು ಲೇಪನವನ್ನು ಗೀರುತ್ತದೆ. ಕೊನೆಗೆ 99 ಪರ್ಸೆಂಟ್ ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿದಾಗ ಎಣ್ಣೆಯ ಮಬ್ಬೂ ಹೋಯಿತು. ಮೂರು ಸುತ್ತಿನ ಬಳಿಕ ಬಿಳಿ ಎಳೆಗಳು ಮಾಯವಾದವು. ಆದರೆ ಅವುಗಳಲ್ಲಿ ಎರಡು ಎಳೆಗಳಿದ್ದ ದಾರಿಯಲ್ಲಿ ನೇರಳೆ ಲೇಪನ ಶಾಶ್ವತವಾಗಿ ಮಾಸಿದೆ. ಬೂಷ್ಟು ಸ್ರವಿಸುವ ಆಮ್ಲ ಲೇಪನವನ್ನು ತಿಂದುಬಿಡುತ್ತದೆ, ಯಾವ ದ್ರಾವಣವೂ ಅದನ್ನು ಮರಳಿ ತರುವುದಿಲ್ಲ. ಲೆನ್ಸನ್ನು ಬಿಸಿಲಿಗೆ ಇಟ್ಟರೆ ಸಾಕು, ಬೂಷ್ಟು ಸಾಯುತ್ತದೆ ಎಂದು ಹಲವರು ಹೇಳುತ್ತಾರೆ. ಬೂಷ್ಟನ್ನು ಕೊಲ್ಲಬೇಕಾದ ನೇರಳಾತೀತ ಕಿರಣದ ಬಹುಭಾಗವನ್ನು ಮುಂದಿನ ಗಾಜೇ ತಡೆಯುತ್ತದೆ. ಸತ್ತರೂ ಹೆಣ ಗಾಜಿನ ಮೇಲೆ ಉಳಿದು ಬೆಳಕನ್ನು ಚದುರಿಸುತ್ತಲೇ ಇರುತ್ತದೆ. ಆದ್ದರಿಂದ ಬಿಚ್ಚಿ ಒರೆಸುವುದನ್ನು ಬಿಟ್ಟು ಬೇರೆ ದಾರಿ ನನಗೆ ಕಾಣಲಿಲ್ಲ.

ಜೋಡಿಸಿ ಮುಂಡಿಗೆಯ ಮುಂದೆ ನಿಂತೆ. 46 ಇದ್ದದ್ದು 33ಕ್ಕೆ ಇಳಿದಿತ್ತು. ಸಂತೋಷವಾಯಿತು, ಆದರೆ 15 ಇನ್ನೂ ದೂರವಿತ್ತು.

ಉಳಿದದ್ದು ಅಡಾಪ್ಟರ್. ಲೆನ್ಸನ್ನು ಪೂರ್ತಿ ಫಿಲ್ಮ್ ಚೌಕಟ್ಟಿಗಾಗಿ ಮಾಡಿದ್ದಾರೆ. ಅದು ಹರಡುವ ಬೆಳಕಿನ ವೃತ್ತದ ವ್ಯಾಸ 43 ಮಿ.ಮೀ.ಗೂ ಹೆಚ್ಚು. ನನ್ನ ಸೆನ್ಸರಿನ ಅಳತೆ 17.3 ಮತ್ತು 13 ಮಿ.ಮೀ., ಮೂಲೆಯಿಂದ ಮೂಲೆಗೆ 21.6 ಮಿ.ಮೀ. ಹೀಗಾಗಿ ಲೆನ್ಸು ಒಳಕ್ಕೆ ತಂದ ಬೆಳಕಿನ ಬಹುಪಾಲು ಸೆನ್ಸರಿಗೆ ಬೀಳುವುದೇ ಇಲ್ಲ. ಅದು ಅಡಾಪ್ಟರಿನ ಗೋಡೆಗೆ ಬಡಿಯುತ್ತದೆ. ಆ ಗೋಡೆ ಹೊಳೆಯುತ್ತಿದ್ದರೆ ಬೆಳಕು ಅಲ್ಲಿಂದ ಜಾರಿ ಸೆನ್ಸರಿನ ಮೇಲೆ ಪೊರೆಯಾಗಿ ಹರಡುತ್ತದೆ. ಲೆನ್ಸನ್ನು ಕಳಚಿ ಅಡಾಪ್ಟರಿನೊಳಗೆ ಕಿಟಕಿಯ ಬೆಳಕನ್ನು ಬಿಟ್ಟು ನೋಡಿದೆ. ಕಪ್ಪು ಬಣ್ಣವೇನೋ ಇತ್ತು, ಆದರೆ ಓರೆ ಬೆಳಕಿಗೆ ಅದು ಎಣ್ಣೆ ಹಚ್ಚಿದ ಕಾವಲಿಯಂತೆ ಮಿನುಗುತ್ತಿತ್ತು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಮೂರನೆಯ ಭಾನುವಾರ, ಮನೆಯಲ್ಲಿದ್ದ ಕಪ್ಪು ವೆಲ್ವೆಟ್ ಬಟ್ಟೆಯ ಪಟ್ಟಿಯನ್ನು ಕತ್ತರಿಸಿ ಅಡಾಪ್ಟರಿನ ಒಳಗೋಡೆಗೆ ಅಂಟಿಸಿದೆ. ಬೆಳಕನ್ನು ನುಂಗುವುದರಲ್ಲಿ ವೆಲ್ವೆಟ್ಟಿಗೆ ಸಾಟಿಯಿಲ್ಲ. ಬೆಲೆ 23ಕ್ಕೆ ಇಳಿಯಿತು. ಆದರೆ ಮರುದಿನ ಎಫ್ 16ರಲ್ಲಿ ತೆಗೆದ ಆಕಾಶದ ಚಿತ್ರದ ಬಲಗಡೆ ಕೆಳಮೂಲೆಯಲ್ಲಿ ಹುಳುವಿನಂತೆ ಸುರುಳಿ ಸುತ್ತಿದ ಒಂದು ಕಪ್ಪು ಎಳೆ ಮತ್ತು ಆರೇಳು ಚುಕ್ಕೆಗಳು ಕಂಡವು. ಕತ್ತರಿಸಿದ ಅಂಚಿನಿಂದ ನೂಲು ಉದುರಿ ಸೆನ್ಸರಿನ ಮೇಲೆ ಕುಳಿತಿತ್ತು. ವೆಲ್ವೆಟ್ಟನ್ನು ಕಿತ್ತು ಹಾಕಿದೆ.

ಸೆನ್ಸರ್ ಸ್ವಚ್ಛಗೊಳಿಸುವ ಮೊದಲು ಕಸ ಎಲ್ಲಿದೆಯೆಂದು ತಿಳಿಯಬೇಕು. ಬಿಳಿ ಗೋಡೆಯ ಎದುರು ಅಪರ್ಚರನ್ನು ಎಫ್ 16ಕ್ಕೆ ಕಿರಿದುಗೊಳಿಸಿ, ಫೋಕಸ್ ತಪ್ಪಿಸಿ ಒಂದು ಚಿತ್ರ ತೆಗೆಯಬೇಕು, ಎಫ್ 1.8ರಲ್ಲಿ ಅದೇ ಧೂಳಿನ ನೆರಳು ಹರಡಿ ಕಣ್ಣಿಗೆ ಬೀಳದಂತಾಗುತ್ತದೆ. ಚಿತ್ರ ಸೆನ್ಸರಿನ ಮೇಲೆ ತಲೆಕೆಳಗಾಗಿ ಬೀಳುವುದರಿಂದ, ಕ್ಯಾಮೆರಾದ ಬಾಯಿಯನ್ನು ನಮ್ಮೆಡೆಗೆ ಹಿಡಿದು ನೋಡುವಾಗ ಎಡಬಲ ಹಾಗೆಯೇ ಉಳಿಯುತ್ತದೆ, ಮೇಲು ಕೆಳಗು ಮಾತ್ರ ಅದಲುಬದಲಾಗುತ್ತದೆ. ನನ್ನ ಚಿತ್ರದ ಬಲ ಕೆಳಮೂಲೆಯ ಎಳೆ ಸೆನ್ಸರಿನ ಬಲ ಮೇಲ್ಮೂಲೆಯಲ್ಲಿ ಇತ್ತು. ಕ್ಯಾಮೆರಾವನ್ನು ಕೆಳಮುಖವಾಗಿ ಹಿಡಿದು ರಬ್ಬರ್ ಬ್ಲೋವರಿನಿಂದ ಹತ್ತು ಸಲ ಗಾಳಿ ಒತ್ತಿದಾಗ ಎಳೆಯೂ ಹೆಚ್ಚಿನ ಚುಕ್ಕೆಗಳೂ ಬಿದ್ದುಹೋದವು. ಬಾಯಿಯಿಂದ ಊದಬಾರದು, ಎಂಜಲಿನ ಹನಿ ಧೂಳಿಗಿಂತ ಕೆಟ್ಟದ್ದು. ಉಳಿದ ಎರಡು ಚುಕ್ಕೆಗಳಿಗೆ ಈ ಅಳತೆಯ ಸೆನ್ಸರಿಗೆಂದೇ ಮಾಡಿದ ಸ್ವಾಬಿಗೆ (ಒರೆಸುವ ಕಡ್ಡಿಗೆ) ಎರಡು ಹನಿ ದ್ರಾವಣ ಹಾಕಿ, ಒಂದು ಅಂಚಿನಿಂದ ಇನ್ನೊಂದಕ್ಕೆ ಒಂದೇ ಸಲ, ಭಾರ ಹಾಕದೆ ಎಳೆದೆ. ನನ್ನ ಕ್ಯಾಮೆರಾದಲ್ಲಿ ಅಲುಗಾಟ ತಡೆಯಲು ಸೆನ್ಸರೇ ಚಲಿಸುವಂತಿದೆ. ಅದರ ಮೇಲೆ ಬೆರಳಿನ ಭಾರ ಬಿದ್ದರೆ ಒಳಗಿನ ಯಂತ್ರಕ್ಕೇ ಪೆಟ್ಟಾಗಬಹುದು.

ನಾಲ್ಕನೆಯ ಭಾನುವಾರ ಅಡಾಪ್ಟರಿಗೆ ಬೇರೆ ಉಪಾಯ ಹುಡುಕಿದೆ. ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಶಾಲೆಯ ಕರಿಹಲಗೆಗೆ ಬಳಿಯುವ ಬ್ಲ್ಯಾಕ್‌ಬೋರ್ಡ್ ಪೇಂಟ್ ಸಿಗುತ್ತದೆ. ಸೀಮೆಸುಣ್ಣ ಹಿಡಿಯಲೆಂದು ಅದನ್ನು ಒರಟಾಗಿ, ಹೊಳಪಿಲ್ಲದೆ ಒಣಗುವಂತೆ ಮಾಡಿರುತ್ತಾರೆ; ನನಗೆ ಬೇಕಾದದ್ದೂ ಅದೇ. ಅಡಾಪ್ಟರಿನ ಎರಡೂ ತುದಿಯ ಬಯೋನೆಟ್ (ತಿರುಗಿಸಿ ಸಿಕ್ಕಿಸುವ) ಮುಖಗಳಿಗೆ ಟೇಪು ಸುತ್ತಿ, ಒಳಗೋಡೆಯನ್ನು 400 ನಂಬರಿನ ಎಮರಿ ಪೇಪರಿನಿಂದ ಉಜ್ಜಿ, ಪುಡಿಯನ್ನು ತೊಳೆದು, ಸಣ್ಣ ಕುಂಚದಿಂದ ತೆಳುವಾಗಿ ಎರಡು ಕೈ ಬಳಿದೆ. ದಪ್ಪಗೆ ಬಳಿದರೆ ಮುಂದೆ ಚಕ್ಕೆಯೇಳುತ್ತದೆ. ಬಣ್ಣದ ಆವಿ ಗಾಜಿನ ಮೇಲೆ ಕೂರಬಾರದೆಂದು ನಾಲ್ಕು ದಿನ ಹೊರಗೆ ಒಣಗಿಸಿಯೇ ಲೆನ್ಸಿಗೆ ಹತ್ತಿರ ತಂದೆ.

ಅದರ ಜೊತೆಗೆ ಅಡಾಪ್ಟರಿನ ಒಳಗೆ ಒಂದು ತಡೆ ಕೂರಿಸಿದೆ. ಕಪ್ಪು ದಪ್ಪ ಕಾಗದದ ವೃತ್ತದಲ್ಲಿ ಆಯತಾಕಾರದ ಕಿಂಡಿ ಕೊರೆದು, ಸೆನ್ಸರಿಗೆ ಬೇಕಿಲ್ಲದ ಬೆಳಕನ್ನು ದಾರಿಯಲ್ಲೇ ನಿಲ್ಲಿಸುವುದು ಇದರ ಉದ್ದೇಶ. ಮೊದಲು ಕಿಂಡಿಯನ್ನು ಸೆನ್ಸರಿಗಿಂತ ತುಸುವೇ ದೊಡ್ಡದಾಗಿ, 18 ಮತ್ತು 14 ಮಿ.ಮೀ. ಅಳತೆಗೆ ಕತ್ತರಿಸಿದಾಗ ಎಫ್ 1.8ರಲ್ಲಿ ಚಿತ್ರದ ನಾಲ್ಕೂ ಮೂಲೆ ಕತ್ತಲಾದವು. ಕಿಂಡಿ ಸೆನ್ಸರಿಗೆ ಅಂಟಿಕೊಂಡಿಲ್ಲ, ಅದಕ್ಕಿಂತ ಸುಮಾರು 25 ಮಿ.ಮೀ. ಮುಂದಿದೆ, ಲೆನ್ಸಿನ ಅಗಲವಾದ ಹಿಂಬಾಯಿಯಿಂದ ಹೊರಟ ಬೆಳಕು ಸೆನ್ಸರಿಗೆ ಬರುವಷ್ಟರಲ್ಲಿ ಕಿರಿದಾಗುತ್ತ ಬರುತ್ತದೆ, ಹಾಗಾಗಿ ಕಿಂಡಿ ಇನ್ನೂ ಅಗಲವಿರಬೇಕು. ಬಿಳಿ ಗೋಡೆಯ ಚಿತ್ರ ತೆಗೆಯುತ್ತ, ಒಂದೊಂದೇ ಮಿ.ಮೀ. ಹಿಗ್ಗಿಸುತ್ತ ಹೋಗಿ 24 ಮತ್ತು 21 ಮಿ.ಮೀ.ಗೆ ನಿಲ್ಲಿಸಿದೆ. ಮೂಲೆಗಳು ಬೆಳಗಿದವು. ಮುಂಡಿಗೆಯ ಬೆಲೆ 21.

ಲೆನ್ಸಿನ ಮುಂದಿನ ನೆರಳುಗೊಡೆ ಅಥವಾ ಹುಡ್ ಕಡೆಗೆ ಗಮನ ಹೋದದ್ದು ಆಮೇಲೆ. ಈ ಸೆನ್ಸರಿನಲ್ಲಿ 50 ಎಂಎಂ ಲೆನ್ಸು ಫಿಲ್ಮಿನ 100 ಎಂಎಂ ಲೆನ್ಸಿನಷ್ಟೇ ಕಿರಿದಾದ ನೋಟವನ್ನು ಕೊಡುವುದರಿಂದ, 50 ಎಂಎಂಗೆಂದು ಮಾಡಿದ ಗಿಡ್ಡ ಹುಡ್ ಇಲ್ಲಿ ಸಾಲದು. ಗಾಜು ಒಡೆದ 49 ಎಂಎಂ ಅಳತೆಯ ಹಳೆಯ ಫಿಲ್ಟರುಗಳ ಬಳೆಗಳು ನನ್ನಲ್ಲಿದ್ದವು. ಅಂತಹ ಐದನ್ನು ಒಂದರ ಮೇಲೊಂದು ತಿರುಗಿಸಿ, ಒಳಗೆ ಅದೇ ಕರಿಹಲಗೆಯ ಬಣ್ಣ ಬಳಿದಾಗ ಆಳವಾದ ಒಂದು ಹುಡ್ ಸಿದ್ಧವಾಯಿತು. ಬಳೆಗಳ ಮರೆಗಳೇ ಬೆಳಕನ್ನು ಹಿಡಿಯುವ ಗೆರೆಗಳಾದವು. ಬೆಲೆ 17ಕ್ಕೆ ಬಂತು. ಲೇಪನದ ಕಲೆಯಿರುವ ಹಳೆಯ ಲೆನ್ಸೊಂದು ಹೊಸ ಜೂಮಿನ 15ರ ಪಕ್ಕದಲ್ಲಿ ನಿಂತದ್ದನ್ನು ನೋಡಿ ಅಪ್ಪನನ್ನು ನೆನೆದೆ.

ಐದನೆಯ ಭಾನುವಾರ ಅಮ್ಮನನ್ನು ಅದೇ ಜಾಗದಲ್ಲಿ ಕೂರಿಸಿದೆ. ಅಡಾಪ್ಟರ್ ಮೂಲಕ ಕೂರಿಸಿದ ಲೆನ್ಸು ತನ್ನ ಅಳತೆಯನ್ನು ಕ್ಯಾಮೆರಾಕ್ಕೆ ತಿಳಿಸುವುದಿಲ್ಲವಾದ್ದರಿಂದ, ಅಲುಗಾಟ ತಡೆಯುವ ವ್ಯವಸ್ಥೆಗೆ ಮೆನುವಿನಲ್ಲಿ 50 ಎಂದು ನಾವೇ ಬರೆಯಬೇಕು. ಹಿಂದೊಮ್ಮೆ ಬೇರೆ ಲೆನ್ಸಿಗಾಗಿ ಬರೆದಿದ್ದ 135 ಅಲ್ಲಿಯೇ ಉಳಿದಿತ್ತು. ಕ್ಯಾಮೆರಾ ಬೇಕಾದುದಕ್ಕಿಂತ ಹೆಚ್ಚು ಸರಿಪಡಿಸಿ ತಾನೇ ಚಿತ್ರವನ್ನು ಅಲುಗಿಸುತ್ತಿತ್ತು. ಬಣ್ಣದ ವಿಷಯದಲ್ಲಿಯೂ ಒಂದು ತಪ್ಪು ಸಿಕ್ಕಿತು. ಕ್ಯಾಮೆರಾದ ಜೆಪೆಗ್ ಚಿತ್ರ ಹೆಚ್ಚು ಬಣ್ಣ ಹಿಡಿಯುವ ಅಡೋಬಿ ಆರ್‌ಜಿಬಿಗೆ ನಿಂತಿತ್ತು. ಚಿತ್ರದೊಳಗಿನ ಬಣ್ಣದ ಪ್ರೊಫೈಲನ್ನು ಓದದ ಪರದೆಯಲ್ಲಿ ಅಂತಹ ಚಿತ್ರದ ಬಣ್ಣಗಳು ಸಪ್ಪೆಯಾಗುತ್ತವೆ. ಮೊದಲ ಚಿತ್ರದಲ್ಲಿ ಅಮ್ಮ ಕಟ್ಟುತ್ತಿದ್ದ ಸೇವಂತಿಗೆಯ ಹಳದಿ ಮಾಸಿದ್ದರಲ್ಲಿ ಇದರ ಪಾಲೂ ಇತ್ತು. ಹಂಚುವ ಚಿತ್ರ ಸಾಮಾನ್ಯ ಪರದೆಗಳ ಎಸ್‌ಆರ್‌ಜಿಬಿಯಲ್ಲಿಯೇ ಇರಬೇಕು.

ಈಗ ಡಾರ್ಕ್‌ಟೇಬಲಿನಲ್ಲಿ ಮಾಡಬೇಕಾದದ್ದು ಬಹಳವಿರಲಿಲ್ಲ. ಎಕ್ಸ್‌ಪೋಶರನ್ನು ಅಮ್ಮನ ಮುಖಕ್ಕೆ ಹೊಂದಿಸಿದೆ, ಅಂಗಳದ ಬೆಳಕು ಹಾರಿಹೋಗದಂತೆ ಟೋನ್ ತಿದ್ದಿದೆ, ನೆರಳಿನ ನೀಲಿಯನ್ನು ತುಸು ತಗ್ಗಿಸಿದೆ. ಹೇಜ್ ಪಟ್ಟಿಯನ್ನು ಮುಟ್ಟಲಿಲ್ಲ. ಮುಂಡಿಗೆಯಲ್ಲಿ ಉಳಿಯ ಗೆರೆಗಳು ಕಂಡವು. ಉದ್ದನೆಯ ಬದಿಯನ್ನು 2048 ಪಿಕ್ಸೆಲಿಗೆ ಇಳಿಸಿ, ಇಳಿಸಿದ ನಂತರವೇ ಸ್ವಲ್ಪ ಶಾರ್ಪ್ ಮಾಡಿ, ಮೆಸೇಜಿನಲ್ಲಿ ಫೋಟೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿದೆ. ಫೋಟೋ ಎಂದು ಕಳಿಸಿದರೆ ಆ್ಯಪ್ ಅದನ್ನು ಇನ್ನೊಮ್ಮೆ ಕುಗ್ಗಿಸಿ ಒತ್ತುತ್ತದೆ, ಕಪ್ಪು ಭಾಗದಲ್ಲಿ ಚೌಕಚೌಕವಾದ ತೇಪೆಗಳು ಏಳುತ್ತವೆ. ಐದು ವಾರ ದುಡಿದು ಗಳಿಸಿದ್ದು ಆ ಕಪ್ಪಿನಲ್ಲಿಯೇ ಇತ್ತು.

ಪ್ರಿಂಟಿಗೆ ಪೂರ್ಣ ಗಾತ್ರದ 4608 ಮತ್ತು 3456 ಪಿಕ್ಸೆಲಿನ ಫೈಲನ್ನೇ ಸ್ಟುಡಿಯೋಗೆ ಕೊಟ್ಟೆ. ಈ ಕ್ಯಾಮೆರಾಗಳ ಚೌಕಟ್ಟು 4:3. ಸ್ಟುಡಿಯೋದ ರೂಢಿಯ 4×6 ಇಂಚಿನ ಕಾಗದ 3:2 ಆದ್ದರಿಂದ ಎತ್ತರದ ಒಂಬತ್ತರಲ್ಲಿ ಒಂದು ಭಾಗ ಕತ್ತರಿಸಿ ಹೋಗುತ್ತದೆ, ಅದು ಸಾಮಾನ್ಯವಾಗಿ ಯಾರದಾದರೂ ತಲೆಯಾಗಿರುತ್ತದೆ. 6×8 ಇಂಚು ಎಂದು ಹೇಳಿದರೆ ಏನೂ ಕತ್ತರಿಸದೆ ಸರಿಯಾಗಿ ಕೂರುತ್ತದೆ.

ಲೆನ್ಸು ಈಗ ರಬ್ಬರ್ ಅಂಚಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿದೆ. ಅಕ್ಕಿ ಡಬ್ಬಿಯಲ್ಲಿ ಹೂಳಿಡುವುದನ್ನು ನಾನು ಒಪ್ಪುವುದಿಲ್ಲ, ಅಕ್ಕಿಯ ಹಿಟ್ಟು ಸಂದಿಗೆ ಸೇರುತ್ತದೆ. ಒಲೆಯ ಮೇಲಿನ ಅಟ್ಟವೂ ಬೇಡ, ಬೆಚ್ಚಗಿದ್ದರೂ ಹೊಗೆಯ ಜಿಡ್ಡು ಗಾಜಿಗೆ ಹಿಡಿಯುತ್ತದೆ. ಡಬ್ಬಿಯಲ್ಲಿ ಅರ್ಧ ಕಿಲೋ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಮತ್ತು ಒಂದು ಪುಟ್ಟ ತೇವಮಾಪಕ ಇಟ್ಟಿದ್ದೇನೆ. ಮಾಪಕ 40ರಿಂದ 50 ಪರ್ಸೆಂಟಿನ ನಡುವೆ ಇರಬೇಕು. ಇನ್ನೂ ಒಣಗಿದರೆ ಲೆನ್ಸಿನ ಗ್ರೀಸಿಗೂ ರಬ್ಬರಿಗೂ ಒಳ್ಳೆಯದಲ್ಲವೆಂದು ಜೆಲ್ಲನ್ನು ಒಮ್ಮೆಲೇ ಸುರಿಯದೆ ಎರಡು ಬಟ್ಟೆ ಚೀಲಗಳಲ್ಲಿ ಹಂಚಿ, ಬೇಕಾದಷ್ಟು ಸೇರಿಸುತ್ತೇನೆ. ಇಂದು ಬೆಳಿಗ್ಗೆ ಮಾಪಕ 52 ತೋರಿಸಿತು, ಒಂದು ಚೀಲದ ಕಾಳುಗಳು ಹಸಿರಿಗೆ ತಿರುಗಿದ್ದವು. ಆ ಚೀಲದ ಕಾಳುಗಳನ್ನು ತಟ್ಟೆಗೆ ಸುರಿದು, ಅಡುಗೆಗೆ ಬಳಸದ ಹಳೆಯ ಓವನ್ನಿನಲ್ಲಿ 110 ಡಿಗ್ರಿಗೆ ಇಟ್ಟು ಬಂದಿದ್ದೇನೆ. ಮತ್ತೆ ಕಿತ್ತಳೆಯಾಗಲು ಇನ್ನೊಂದು ಗಂಟೆ ಬೇಕು.